ಗಣಕಯಂತ್ರದ ನಾಡಿ ಪರೀಕ್ಷೆ

ಅರಸೀಕೆರೆಗೆ ಹೆಚ್ಚು ದೂರವಲ್ಲದ ಹಾಸನದಲ್ಲಿ 1982ರಿಂದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಕೆಲಸ ಮಾಡುತ್ತಿರುವುದು ನಮ್ಮ ಜಿಲ್ಲೆಯವರಿಗೆಲ್ಲ ತಿಳಿದ ಸಂಗತಿ. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಗಳ ಯೋಗಕ್ಷೇಮವನ್ನು ಅಲ್ಲಿ ಹಗಲಿರುಳೂ ನೋಡಿಕೊಳ್ಳಲಾಗುತ್ತದೆ. ಅಷ್ಟು ಎತ್ತರಕ್ಕೆ ಹೋಗಿ ಉಪಗ್ರಹವನ್ನು ಮುಟ್ಟಿ ನೋಡುವುದು ಅಲ್ಲಿನ ತಂತ್ರಜ್ಞರಿಗೆ ಸಾಧ್ಯವಿಲ್ಲ. ಅದು ಕಳುಹಿಸುವ ಉಷ್ಣತೆ, ವಿದ್ಯುತ್ತು, ಇಂಧನ ಮುಂತಾದವುಗಳ ಅಂಕಿಗಳನ್ನು ಓದಿಯೇ ಅವರು ಅದರ ಸ್ಥಿತಿಯನ್ನು ಅರಿಯಬೇಕು.

ಆದರೆ ನಮ್ಮ ಶಾಲೆಗಳ ಮೇಜಿನ ಮೇಲೆ, ಕೈಯಳತೆಯಲ್ಲೇ ಇರುವ ಗಣಕಯಂತ್ರದ ಅಂಕಿಗಳನ್ನು ನಾವು ಓದುವುದು ಅಪರೂಪ. ಅದು ನಿಧಾನವಾಯಿತೆಂದರೆ "ಹಳೆಯದಾಯಿತು, ಹೊಸದು ಬೇಕು" ಎಂದುಬಿಡುತ್ತೇವೆ. ಅನಂತರ ದಾನಿಗಳ ಮುಂದೆ ಮನವಿಪತ್ರ ಸಿದ್ಧವಾಗುತ್ತದೆ. ನಿಧಾನವೆಂಬುದು ಜ್ವರದಂತೆ ಒಂದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ರೋಗ ಯಾವುದೆಂದು ತಿಳಿಯದೆ ಕೊಂಡ ಔಷಧಕ್ಕೆ ಸುರಿದ ಹಣ ವ್ಯರ್ಥವಾಗುವ ಸಂಭವವೇ ಹೆಚ್ಚು. ಈ ಪರೀಕ್ಷೆಯ ಕ್ರಮವನ್ನು ಸರಳವಾಗಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ದಾಸೋಹದ ಅಡುಗೆಮನೆಯನ್ನು ನೆನೆಸಿಕೊಂಡರೆ ಗಣಕದ ರಚನೆ ಸುಲಭವಾಗಿ ಅರ್ಥವಾಗುತ್ತದೆ. ಅಡುಗೆಯವರೇ ಪ್ರೊಸೆಸರ್. ಅವರ ಕೈಗೆಟುಕುವಂತೆ ಸಾಮಗ್ರಿಗಳನ್ನು ಹರಡಿಟ್ಟ ಕಟ್ಟೆಯೇ ಸ್ಮೃತಿ, ಅಂದರೆ ಮೆಮೊರಿ. ಹಿಂಬದಿಯ ಉಗ್ರಾಣವೇ ಡಿಸ್ಕ್. ಕಟ್ಟೆ ಕಿರಿದಾದರೆ ಎಷ್ಟೇ ಚುರುಕಾದ ಅಡುಗೆಯವರೂ ಮತ್ತೆ ಮತ್ತೆ ಉಗ್ರಾಣಕ್ಕೆ ನಡೆಯಬೇಕಾಗುತ್ತದೆ. ಒಲೆ ಉರಿಯುತ್ತಿದ್ದರೂ ಪಂಕ್ತಿಯಲ್ಲಿ ಕುಳಿತವರಿಗೆ ಅನ್ನ ಬರುವುದಿಲ್ಲ.

ಮೊದಲು ಪ್ರೊಸೆಸರನ್ನು ಗಮನಿಸೋಣ. ವಿಂಡೋಸ್ ವ್ಯವಸ್ಥೆಯಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ 'ಟಾಪ್' ಎಂಬ ಆದೇಶವಿದೆ. ಇವು ತೋರಿಸುವ ಶೇಕಡಾವಾರು ಅಂಕಿ ಎರಡು ಗಳಿಗೆಗಳ ನಡುವಿನ ಲೆಕ್ಕ. ಯಂತ್ರವು ಚಾಲನೆಗೊಂಡಂದಿನಿಂದ ದುಡಿದ ಕಾಲವನ್ನೂ ವಿರಮಿಸಿದ ಕಾಲವನ್ನೂ ಲಿನಕ್ಸ್ ಸಾಮಾನ್ಯವಾಗಿ ಸೆಕೆಂಡಿನ ನೂರನೆಯ ಒಂದು ಭಾಗದ ಮಾತ್ರೆಗಳಲ್ಲಿ ಎಣಿಸುತ್ತಾ ಹೋಗುತ್ತದೆ. 4 ಕೋರ್‌ಗಳುಳ್ಳ ಯಂತ್ರವನ್ನು 5 ಸೆಕೆಂಡುಗಳ ಅಂತರದಲ್ಲಿ ಎರಡು ಸಲ ನೋಡಿದೆವೆನ್ನೋಣ. ಒಟ್ಟು ಮಾತ್ರೆಗಳು 2,000. ಅದರಲ್ಲಿ 1,500 ವಿರಾಮವಾದರೆ ದುಡಿಮೆ 500, ಅಂದರೆ ಶೇಕಡ 25.

ಶೇಕಡ 25 ಎಂದೊಡನೆ ಯಂತ್ರಕ್ಕೆ ಬೇಕಾದಷ್ಟು ಬಿಡುವಿದೆಯೆಂದು ತಿಳಿಯಬಾರದು. ಮೂರು ಕೋರ್‌ಗಳು ಸುಮ್ಮನಿದ್ದು ಒಂದೇ ಕೋರ್ ಪೂರ್ತಿ ದುಡಿಯುತ್ತಿದ್ದರೂ ಅದೇ ಅಂಕಿ ಬರುತ್ತದೆ. ಆದ್ದರಿಂದ ಒಟ್ಟು ಸರಾಸರಿಯ ಜೊತೆಗೆ ಪ್ರತಿಯೊಂದು ಕೋರ್‌ನ ಅಂಕಿಯನ್ನೂ ನೋಡಬೇಕು. ಲಿನಕ್ಸ್ ಇದರೊಂದಿಗೆ 1, 5 ಮತ್ತು 15 ನಿಮಿಷಗಳ 'ಲೋಡ್ ಸರಾಸರಿ'ಯನ್ನೂ ಕೊಡುತ್ತದೆ. ಓಡುತ್ತಿರುವ, ಸರದಿಯಲ್ಲಿ ನಿಂತಿರುವ ಮತ್ತು ಡಿಸ್ಕಿಗಾಗಿ ಕಾಯುತ್ತಿರುವ ಕಾರ್ಯಗಳ ಸರಾಸರಿ ಸಂಖ್ಯೆ ಇದು. ಅರಸೀಕೆರೆ ಜಂಕ್ಷನ್ನಿನ ಒತ್ತಡವನ್ನು ತಿಳಿಯಲು ಪ್ಲಾಟ್‌ಫಾರಂ ಮೇಲಿನ ಗಾಡಿಗಳಲ್ಲದೆ ಸಿಗ್ನಲ್ಲಿಗಾಗಿ ಹೊರಗೆ ನಿಂತ ಗಾಡಿಗಳನ್ನೂ ಎಣಿಸಬೇಕಲ್ಲವೆ? ಇದೂ ಹಾಗೆಯೇ.

ಇನ್ನು ಸ್ಮೃತಿಯ ವಿಚಾರ. ಇಲ್ಲಿ ಅನೇಕರು ಎಡವುವುದುಂಟು. ಲಿನಕ್ಸ್‌ನಲ್ಲಿ 'ಫ್ರೀ' ಎಂದು ತೋರಿಸುವ ಅಂಕಿ ಬಹಳ ಕಡಿಮೆಯಿದ್ದರೆ ಗಾಬರಿಪಡಬೇಕಾಗಿಲ್ಲ. ಖಾಲಿ ಬಿದ್ದ ಸ್ಮೃತಿಯಲ್ಲಿ ಈಗಾಗಲೇ ಓದಿದ ಕಡತಗಳನ್ನು ಇಟ್ಟುಕೊಂಡು, ಬೇರೆ ಕೆಲಸಕ್ಕೆ ಬೇಕಾದಾಗ ತೆರವು ಮಾಡುವುದು ಆ ವ್ಯವಸ್ಥೆಯ ಕ್ರಮ. ನಿಜವಾಗಿ ನೋಡಬೇಕಾದುದು 'ಅವೈಲಬಲ್', ಅಂದರೆ ದೊರೆಯಬಹುದಾದ ಸ್ಮೃತಿಯ ಅಂಕಿಯನ್ನು. 2014ರಲ್ಲಿ ಇದನ್ನು ಲಿನಕ್ಸ್‌ನ ತಿರುಳಿಗೆ ಸೇರಿಸಲಾಯಿತು.

ಈ ಅಂಕಿ ತೀರ ಇಳಿದಾಗ ವ್ಯವಸ್ಥೆಯು ಸ್ಮೃತಿಯ ಪುಟಗಳನ್ನು ಡಿಸ್ಕಿಗೆ ಸಾಗಿಸತೊಡಗುತ್ತದೆ. ಸ್ಮೃತಿಯನ್ನು ತಲುಪಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡು ಬೇಕು. ವ್ಯತ್ಯಾಸ ಸುಮಾರು 1,00,000 ಪಟ್ಟು! ಸಾಗಾಟವೇ ಮುಖ್ಯ ಕೆಲಸವಾಗಿ, ನಿಜವಾದ ಕೆಲಸ ನಿಂತುಹೋಗುವ ಈ ಸ್ಥಿತಿಯನ್ನು 'ಥ್ರಾಶಿಂಗ್' ಎನ್ನುತ್ತಾರೆ. ಇದರ ಕಾರಣವನ್ನೂ ನಿವಾರಣೆಯನ್ನೂ ಪೀಟರ್ ಡೆನ್ನಿಂಗ್ ಎಂಬ ವಿಜ್ಞಾನಿ 1968ರಲ್ಲಿ ವಿವರಿಸಿದರು. ಇದರಲ್ಲೊಂದು ಮೋಸವಿದೆ. ಪುಟಗಳು ಬರುವವರೆಗೆ ಪ್ರೊಸೆಸರ್ ಸುಮ್ಮನೆ ಕಾಯುವುದರಿಂದ ಅದರ ಅಂಕಿ ಕಡಿಮೆಯಾಗಿಯೇ ಕಾಣುತ್ತದೆ. ಅದನ್ನೊಂದನ್ನೇ ನೋಡಿದವರು ಬಿಡುವಿದೆಯೆಂದು ಭ್ರಮಿಸಿ ಇನ್ನಷ್ಟು ಕೆಲಸ ಹೇರಿದರೆ ಸ್ಥಿತಿ ಮತ್ತಷ್ಟು ಕೆಡುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1969ರ ಜುಲೈ 20ರಂದು ಅಪೋಲೋ 11ರ ನೌಕೆ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಗಣಕವು 1202 ಎಂಬ ಎಚ್ಚರಿಕೆಯನ್ನು ಕೊಟ್ಟಿತು. ಹೊಸ ಕಾರ್ಯಗಳಿಗೆ ಸ್ಮೃತಿಯಲ್ಲಿ ಜಾಗವಿಲ್ಲವೆಂಬುದು ಅದರ ಅರ್ಥ. ಆದರೆ ಮೂಲಕಾರಣ ಸ್ಮೃತಿಯದಾಗಿರಲಿಲ್ಲ. ರೇಡಾರಿನಿಂದ ಬಂದ ಅನಗತ್ಯ ಸಂಕೇತಗಳು ಪ್ರೊಸೆಸರಿನ ಕಾಲವನ್ನು ಕಬಳಿಸಿದ್ದರಿಂದ ಹಳೆಯ ಕಾರ್ಯಗಳು ಮುಗಿಯದೆ ಜಾಗ ಹಿಡಿದು ಕುಳಿತಿದ್ದವು. ಮುಖ್ಯವಲ್ಲದ ಕಾರ್ಯಗಳನ್ನು ಬಿಟ್ಟು ಅವಶ್ಯವಾದವನ್ನೇ ಮುಂದುವರಿಸುವಂತೆ ಆ ಗಣಕವನ್ನು ರೂಪಿಸಿದ್ದರಿಂದ ನೌಕೆ ಕ್ಷೇಮವಾಗಿ ಇಳಿಯಿತು. ಪ್ರೊಸೆಸರ್, ಸ್ಮೃತಿಗಳೆರಡನ್ನೂ ಜೊತೆಯಲ್ಲೇ ನೋಡಬೇಕೆಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಶಾಲೆಯಲ್ಲಿ ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಪಾಠದ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ನಾಲ್ಕು ಅಂಕಿಗಳನ್ನು ವಿದ್ಯಾರ್ಥಿಗಳಿಂದಲೇ ಒಂದು ವಾರ ಬರೆಯಿಸಬಹುದು: ಪ್ರತಿ ಕೋರ್‌ನ ದುಡಿಮೆ, ದೊರೆಯುವ ಸ್ಮೃತಿ, ಡಿಸ್ಕಿನ ಚಟುವಟಿಕೆ, ಅತಿ ಹೆಚ್ಚು ಪಾಲು ಪಡೆದ ಕಾರ್ಯದ ಹೆಸರು. ಸ್ಮೃತಿ ಇಳಿದು ಡಿಸ್ಕ್ ಬಿಡುವಿಲ್ಲದೆ ಓಡುತ್ತಿದ್ದರೆ ಬೇಕಾದುದು ಹೆಚ್ಚಿನ ಸ್ಮೃತಿ. ಯಂತ್ರವು ಅದಕ್ಕೆ ಎಡೆಕೊಡುವುದಾದರೆ ಹೊಸ ಗಣಕದ ಖರ್ಚು ಉಳಿಯುತ್ತದೆ. ಒಂದೇ ಕಾರ್ಯ ಬಿಟ್ಟೂಬಿಡದೆ ಬೆಳೆಯುತ್ತಿದ್ದರೆ ದೋಷ ಬಹುಶಃ ಆ ತಂತ್ರಾಂಶದ್ದು. ಎಲ್ಲ ಅಂಕಿಗಳೂ ಹಗುರವಾಗಿದ್ದು ಅಂತರಜಾಲದ ಪುಟಗಳು ಮಾತ್ರ ತಡವಾದರೆ ಸಂಪರ್ಕವನ್ನು ಪರೀಕ್ಷಿಸಬೇಕು. ಎಲ್ಲ ಕೋರ್‌ಗಳೂ ದಿನವೂ ತುಂಬಿಯೇ ಇದ್ದರೆ, ಆಗ ಹೊಸ ಯಂತ್ರದ ಬೇಡಿಕೆ ನ್ಯಾಯವಾದದ್ದು.

ಹೀಗೆ ಬರೆದ ಒಂದು ವಾರದ ಪಟ್ಟಿಯನ್ನು ಮನವಿಪತ್ರದ ಜೊತೆಗೆ ಇಟ್ಟರೆ ದಾನಿಗಳಿಗೆ ತಮ್ಮ ಹಣ ಯಾವ ಕೊರತೆಯನ್ನು ತುಂಬುತ್ತದೆಂಬುದು ಸ್ಪಷ್ಟವಾಗುತ್ತದೆ. ಊಹೆಗಿಂತ ಅಳತೆ ಮೇಲೆಂಬ ಪಾಠವೂ ಮಕ್ಕಳಿಗೆ ತಮ್ಮ ಕೈಯಿಂದಲೇ ದೊರೆತಂತಾಗುತ್ತದೆ. ವಾರಕ್ಕೆ ಒಂದೆರಡು ಅವಧಿ ಮಾತ್ರ ಗಣಕದ ಮುಂದೆ ಕೂರುವ ಮಗುವಿಗೆ ಆ ಅವಧಿ ಪೂರ್ತಿಯಾಗಿ ದಕ್ಕಲಿ ಎಂಬುದೇ ಈ ಲೇಖನದ ಆಶಯ.