ನೀರಿನ ಋಣ

ಮನುಷ್ಯನು ಇಲ್ಲದುದನ್ನು ಬೇಗ ಕಾಣುತ್ತಾನೆ. ಇರುವುದನ್ನು ಬೇಗ ಮರೆಯುತ್ತಾನೆ. ವಿಜಯಪುರ ಜಿಲ್ಲೆಯ ಬಬಲೇಶ್ವರ ಸೀಮೆಯನ್ನೇ ನೋಡಿರಿ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ಭಾಗದ ಅಸಂಖ್ಯ ಜನರು ಹಸಿವಿನಿಂದ ಮಡಿದರು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಅನಂತರವೂ ತಪ್ಪಲಿಲ್ಲ.

1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಇಂದು ಅಲ್ಲಿನ ನೀರು ಮುಳವಾಡ ಏತ ನೀರಾವರಿಯ ಮೂಲಕ ಈ ಎತ್ತರದ ನೆಲಕ್ಕೂ, ಆದಿಲಶಾಹಿ ಕಾಲದ ಮಮದಾಪುರದ ಕೆರೆಗೂ ಏರಿ ಬರುತ್ತದೆ.

ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದಿದ್ದರೆ ರೈತರು ದೂರುತ್ತಾರೆ. ದೂರುವುದು ತಪ್ಪೇ? ಎಂದಿಗೂ ಅಲ್ಲ. ನಮ್ಮ ಹಿರಿಯರೂ ಸುಮ್ಮನೆ ಕುಳಿತವರಲ್ಲ; ನೀರು ಬೇಕೆಂದು ದಶಕಗಳ ಕಾಲ ಮೊರೆಯಿಟ್ಟವರು.

ಆದರೆ ಈ ನೀರು ನಿಲ್ಲಲೆಂದು ಕೃಷ್ಣಾ ತೀರದ ಎಷ್ಟೋ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿದವು. ಅಲ್ಲಿನವರು ಹುಟ್ಟಿದ ಮನೆಯನ್ನೂ ಉತ್ತ ಹೊಲವನ್ನೂ ಬಿಟ್ಟೆದ್ದರು. ಅವರಲ್ಲಿ ಅನೇಕರ ಅಹವಾಲು ಇಂದಿಗೂ ಮುಗಿದಿಲ್ಲ. ಆ ಋಣವನ್ನು ಅರಿತ ನಾಗರಿಕನು ತನ್ನ ಪಾಲಿನ ನೀರನ್ನು ಕೇಳುವನು. ಬಂದ ನೀರನ್ನು ಪೋಲುಮಾಡನು. ತನ್ನ ದೂರಿನೊಡನೆ, ನೆಲ ಬಿಟ್ಟುಕೊಟ್ಟವರ ದೂರಿಗೂ ದನಿಗೂಡಿಸುವನು.