ನಿಸ್ತಂತು ಸಂಪರ್ಕ ತಪ್ಪಿದಾಗ

ಕಲಾ ವಿಭಾಗದವನೊಬ್ಬ ಗಣಕಯಂತ್ರದ ವಿಷಯ ಬರೆಯಹೊರಟಿರುವುದನ್ನು ಕಂಡು ವಿಜ್ಞಾನದ ಮಿತ್ರರು ನಗಬಹುದು. ನಗಲಿ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಎರಡೇ ದಿನ ಉಳಿದಿದ್ದಾಗ ನಾನು ಪಟ್ಟ ಪಾಡು ಸಹಪಾಠಿಗಳಾರಿಗೂ ಬಾರದಿರಲೆಂದು ಈ ನಾಲ್ಕು ಮಾತು.

ನಮ್ಮ ಮನೆಯ ಗಣಕಯಂತ್ರ ಹಳೆಯದು. ಬೆಂಗಳೂರಿನಲ್ಲಿ ದುಡಿಯುತ್ತಿರುವ ಅಣ್ಣ ಅಗ್ಗಕ್ಕೆ ಕೊಂಡು ಬಸ್ಸಿನಲ್ಲಿ ಹೊತ್ತು ತಂದದ್ದು. ವೈಫೈ ಮಾತ್ರ ಮಹಡಿಯ ಮೇಲಿನ ಮಾಲೀಕರದು. ‘ಓದುವ ಹುಡುಗ, ಬಳಸಿಕೊಳ್ಳಲಿ’ ಎಂದು ಅವರೇ ಪಾಸ್‌ವರ್ಡು ಕೊಟ್ಟಿದ್ದರು. ಆ ದಿನ ಅರ್ಜಿಯ ಪುಟ ತೆರೆಯಲಿಲ್ಲ. ಬೇರಾವ ಪುಟವೂ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನ ಒಂದು ವಾಕ್ಯ ಬಂತು. ಅದರಲ್ಲಿ ‘ಕನೆಕ್ಷನ್’ ಎಂಬ ಪದವೊಂದೇ ನನ್ನ ಕಣ್ಣಿಗೆ ಬಿದ್ದದ್ದು. ಉಳಿದುದನ್ನು ಓದುವ ತಾಳ್ಮೆ ನನಗಿರಲಿಲ್ಲ. ವೈಫೈ ಕೆಟ್ಟಿದೆಯೆಂದು ತೀರ್ಮಾನಿಸಿಬಿಟ್ಟೆ.

ಇಲ್ಲಿಯೇ ಮೊದಲ ತಪ್ಪು. ವೈಫೈ ಎಂಬುದೂ ಇಂಟರ್‌ನೆಟ್ ಎಂಬುದೂ ಒಂದೇ ಅಲ್ಲ. ನಮ್ಮ ಯಂತ್ರದಿಂದ ರೌಟರಿನವರೆಗಿನ ರೇಡಿಯೋ ಅಲೆಗಳ ದಾರಿ ವೈಫೈ. ರೌಟರಿನಿಂದಾಚೆಗೆ ಕಂಪನಿಯ ತಂತಿಯ ದಾರಿ ಬೇರೆ. ಇವೆರಡೂ ನೆಟ್ಟಗಿದ್ದು ಯಂತ್ರದೊಳಗೇ ದೋಷವಿರುವುದೂ ಉಂಟು. ಕೊಂಡಿ ಕಳಚಿರುವುದು ಎಲ್ಲಿ ಎಂದು ತಿಳಿಯದೆ ಕೈಯಿಡಬಾರದು.

ತಿಳಿಯುವ ಬಗೆ ಕಷ್ಟವೇನಲ್ಲ. ಅದೇ ವೈಫೈಯಲ್ಲಿ ಇನ್ನೊಂದು ಫೋನು ನಡೆಯುತ್ತಿದ್ದರೆ ರೌಟರೂ ತಂತಿಯೂ ಬಹುಮಟ್ಟಿಗೆ ನಿರಪರಾಧಿಗಳು. ಆಮೇಲೆ ವಿಂಡೋಸಿನ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂಬ ಆಜ್ಞೆಯನ್ನು ಕೊಡಬೇಕು. ವಿಳಾಸ 169.254 ಎಂದು ಮೊದಲಾದರೆ ರೌಟರು ನಮಗೆ ವಿಳಾಸವನ್ನೇ ಕೊಟ್ಟಿಲ್ಲವೆಂದು ಅರ್ಥ. ವಿಳಾಸ ಸರಿಯಿದ್ದರೆ 8.8.8.8ಕ್ಕೆ ‘ಪಿಂಗ್’ ಮಾಡಿ ನೋಡಬೇಕು. ಮರುದನಿ ಬಂದರೆ ಹೊರಗಿನ ದಾರಿಯೂ ತೆರೆದಿದೆ.

ಅಲೆ ದುರ್ಬಲವಾದರೆ ಕಾರಣ ಸಾಮಾನ್ಯವಾಗಿ ಮನೆಯಲ್ಲೇ ಇರುತ್ತದೆ. 2.4 ಗಿಗಾಹರ್ಟ್ಸಿನ ಅಲೆ ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ, ಆದರೆ ಮೈಕ್ರೋವೇವ್ ಒಲೆಯೂ ಅದೇ ಆವರ್ತನದ ಸುತ್ತಮುತ್ತ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಸಿನದು ವೇಗಶಾಲಿ, ಗೋಡೆ ಕಂಡರೆ ಬೇಗ ಸೋಲುತ್ತದೆ. ಕಬ್ಬಿಣದ ಬೀರುವಂತೂ ಎರಡಕ್ಕೂ ಶತ್ರು. ನಮ್ಮ ಯಂತ್ರದ ಡಾಂಗಲ್ ಹಿಂಬದಿಯಲ್ಲಿ, ತಗಡಿನ ಪೆಟ್ಟಿಗೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಒಂದು ಗಜ ವೈರು ಹಾಕಿ ಮುಂದಕ್ಕೆ ತಂದುದರಿಂದ ಈಗ ಎಷ್ಟೋ ವಾಸಿ.

ಅಂದು ನಾನು ಇದಾವುದನ್ನೂ ಮಾಡಲಿಲ್ಲ. ಮಹಡಿಯ ಮನೆಗೆ ಓಡಿದೆ. ಮಾಲೀಕರ ಮಗಳು, ‘ನನ್ನ ಫೋನಿನಲ್ಲಿ ಬರ್ತಿದೆಯಲ್ಲಣ್ಣ’ ಎಂದಳು. ಎಲ್ಲ ಪರೀಕ್ಷೆಗಳ ಫಲವೂ ಆ ಒಂದು ಮಾತಿನಲ್ಲಿತ್ತು. ನನ್ನ ಕಿವಿಗೆ ಬೀಳಲಿಲ್ಲ. ರೌಟರಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಒತ್ತಿ ಹಿಡಿದೆ. ಸ್ವಿಚ್ಚು ಆರಿಸಿ ಹಾಕುವುದು ಬೇರೆ, ಈ ರೀಸೆಟ್ ಬೇರೆ. ಇದು ಕಂಪನಿಯವರು ಒಳಗೆ ತುಂಬಿದ್ದ ಹೆಸರು, ಗುಪ್ತಪದಗಳನ್ನೆಲ್ಲ ಅಳಿಸಿಹಾಕಿತು. ಆ ಹುಡುಗಿಯ ಫೋನೂ ನಿಂತಿತು. ಮಾಲೀಕರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ, ಅಂದರೆ ಅರ್ಜಿಯ ಕೊನೆಯ ದಿನ, ಸಂಜೆ ಕಂಪನಿಯವರು ಬಂದು ರೌಟರನ್ನು ಸರಿಪಡಿಸಿದರು. ಮೇಲೆ ಎಲ್ಲವೂ ನಡೆಯಿತು, ನನ್ನ ಯಂತ್ರದಲ್ಲಿ ಮತ್ತದೇ ವಾಕ್ಯ! ಆತ ಕೆಳಗೆ ಬಂದು ಪರದೆಯ ಮೂಲೆಯನ್ನು ನೋಡಿ, ‘ತಮ್ಮಾ, ನಿಮ್ಮನೇಲಿ ಇನ್ನೂ 2009ನೇ ಇಸವೀನಾ?’ ಎಂದು ನಕ್ಕರು. ಸುರಕ್ಷಿತ ಪುಟಗಳೆಲ್ಲ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರವನ್ನು ತೋರಿಸುತ್ತವೆ. 2009ರಲ್ಲಿಯೇ ನಿಂತ ಯಂತ್ರಕ್ಕೆ ಅವೆಲ್ಲ ಇನ್ನೂ ಹುಟ್ಟದ ಪತ್ರಗಳು. ಆದ್ದರಿಂದ ಅದು ನಂಬದೆ ಬಾಗಿಲು ಹಾಕುತ್ತದೆ. ವಿದ್ಯುತ್ತು ಹೋದಾಗಲೂ ಗಡಿಯಾರವನ್ನು ನಡೆಸುವ ಒಳಗಿನ ಸೆಲ್ ಸತ್ತಿತ್ತು, ಅಷ್ಟೆ. ಇಸವಿ ತಿದ್ದಿದೆವು. ಪುಟ ತೆರೆಯಿತು. ರಾತ್ರಿ ಒಂಬತ್ತೂವರೆಗೆ ಅರ್ಜಿ ಹೋಯಿತು.

ಆ ಸೆಲ್ಲಿನ ಹೆಸರು ಸಿಆರ್ 2032, ಮೂರು ವೋಲ್ಟಿನದು. ಮುಂದಿನ ವಾರ ಹೊಸದನ್ನು ತಂದು ಅವ್ವನ ಅಂಗೈಯಲ್ಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ‘ಎರಡು ದಿನ ಉಪವಾಸ ಕೂತಿದ್ದು ಈ ಬಿಲ್ಲೆಗೇನೋ?’ ಎಂದಳು.