ಮಗುವಿನ ಮಾತಿಗೆ ಮರುಮಾತು

ಮಾಘಮಾಸದ ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತ ಕುಟುಂಬಗಳು ಇಂದಿಗೂ ಚಕ್ಕಡಿ ಕಟ್ಟಿಕೊಂಡು, ರೊಟ್ಟಿಬುತ್ತಿಯೊಡನೆ ದಾರಿಯಲ್ಲಿ ವಸತಿ ಮಾಡುತ್ತ ಬರುತ್ತವೆ. ಎತ್ತಿಗೆ ಗಂಟೆಯೇಕೆ, ಈ ಮರದ ಹೆಸರೇನು ಎಂದು ಮಗು ಕೇಳಿದರೆ ಚಕ್ಕಡಿಯಲ್ಲಿ ಕುಳಿತ ಹಿರಿಯರು ಉತ್ತರಿಸದೆ ವಿಧಿಯಿಲ್ಲ. ಈಚೆಗೆ ಅಲ್ಲಿಯೂ ಮಗುವಿನ ಕೈಯಲ್ಲಿ ಮೊಬೈಲನ್ನು ಕಾಣುತ್ತಿದ್ದೇವೆ. ಜೋಯಿಡಾದ ಕಾಡಿನಲ್ಲಿ ಸಿಗ್ನಲ್ ತಪ್ಪುತ್ತದೆ, ಅಳು ತೊಡಗುತ್ತದೆ. ತಾಯಿ ಎತ್ತಿಕೊಂಡರೂ ಅದು ನಿಲ್ಲದು. ನಮ್ಮನ್ನು ಚಿಂತೆಗೀಡುಮಾಡುವುದು ಈ ಕೊನೆಯ ಸಂಗತಿ. ಸಂತೈಸುವ ಕಾರ್ಯ ತಾಯಿಯ ಮಡಿಲಿನಿಂದ ಯಂತ್ರಕ್ಕೆ ವರ್ಗವಾಗಿದೆ.

ಮೊಬೈಲ್ ಮಾತು ಕಲಿಸುತ್ತದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಹೇಳುತ್ತದೆ. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳೊಡನೆ ಚೀನೀ ಭಾಷಿಕರು 12 ಬಾರಿ ಕುಳಿತು ಆಡಿದರು, ಓದಿ ಹೇಳಿದರು. ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಜನರನ್ನು, ಅದೇ ಮಾತುಗಳನ್ನು ಟಿ.ವಿ. ಪರದೆಯ ಮೇಲೆ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಪರದೆ ಮಾತಾಡುತ್ತದೆ, ಆದರೆ ಕೂಸು ತೊದಲಿದಾಗ ತಿರುಗಿ ನೋಡುವುದಿಲ್ಲ. ದೂರದ ಅಜ್ಜಿಯೊಡನೆ ವಿಡಿಯೋ ಕರೆಯಲ್ಲಿ ಮಾತಾಡುವುದನ್ನು ನಾವು ಇದರಲ್ಲಿ ಸೇರಿಸುವುದಿಲ್ಲ. ಅಲ್ಲಿ ಮರುಮಾತು ಉಂಟು.

ಇನ್ನು ಹಿರಿಯರ ಕೈಯಲ್ಲಿರುವ ಮೊಬೈಲಿನ ವಿಚಾರ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ, ಕೂಸಿನೊಡನೆ ನಗುತ್ತ ಆಡುತ್ತಿದ್ದ ತಾಯಿಗೆ ಕೆಲವೇ ನಿಮಿಷ ಮುಖವನ್ನು ನಿರ್ಭಾವವಾಗಿ ಇಟ್ಟುಕೊಳ್ಳಲು ಹೇಳಿದರು. ಕೂಸು ನಕ್ಕಿತು, ಕೈಚಾಚಿತು, ಕೂಗಿತು. ಪ್ರತಿಕ್ರಿಯೆ ಬಾರದಿರಲು ಮುಖ ತಿರುಗಿಸಿ ಸೊರಗಿತು. ಮೊಬೈಲಿನಲ್ಲಿ ಮುಳುಗಿದ ತಂದೆಯ ಮುಖವನ್ನು ಮಗುವಿನ ಎತ್ತರದಿಂದ ಒಮ್ಮೆ ನೋಡಬೇಕು.

ತಾಯಂದಿರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಹೊಲದಿಂದ ಬಂದು ರೊಟ್ಟಿ ಬಡಿಯಬೇಕಾದವಳಿಗೆ, ಮನೆಯಲ್ಲಿ ಅತ್ತೆ ನಾದಿನಿಯರಿಲ್ಲದಾಗ, ಮೊಬೈಲೇ ದಾದಿ. ಅದನ್ನು ಕಿತ್ತಿಡಿ ಎಂದು ಉಪದೇಶಿಸುವವರು ಆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳಲಿ. ಗಂಡಸರಿಗೆ ಇದೂ ಒಂದು ಕಾಯಕವೇ. ಯಾರೂ ಇಲ್ಲದಿದ್ದರೆ ಒಂದು ಹಿಟ್ಟಿನುಂಡೆ ಮಗುವಿನ ಕೈಗಿತ್ತು, ಬಡಿಯುತ್ತಲೇ ಮಾತಾಡಿಸಬಹುದು. ರೊಟ್ಟಿ ಸೊಟ್ಟಗಾದರೆ ಆಗಲಿ. ಉಣಿಸುವಾಗ ಮಾತ್ರ ಪರದೆ ಖಂಡಿತ ಬೇಡ. ಅದನ್ನು ನೋಡುತ್ತ ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯಂತೆ 2 ವರ್ಷದೊಳಗಿನ ಮಕ್ಕಳಿಗೆ ಪರದೆ ಸಲ್ಲದು. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳಿತು. ರೂಢಿಯಾದ ಮೊಬೈಲನ್ನು ಬಿಡಿಸಿದಾಗ ಮೊದಲ ಕೆಲವು ದಿನ ಅಳು, ಹಟ ಹೆಚ್ಚುವುದುಂಟು. ಮನೆಮಂದಿಯೆಲ್ಲ ಒಂದೇ ಮಾತಿಗೆ ನಿಂತರೆ ಅದು ಇಳಿಯುತ್ತದೆ. ಅಜ್ಜ ಗುಟ್ಟಾಗಿ ಕೊಟ್ಟರೆ ಇಳಿಯದು.

ಮಾತು ತಡವಾದುದಕ್ಕೆಲ್ಲ ಮೊಬೈಲೇ ಕಾರಣವೆಂದು ತಿಳಿದು ಸುಮ್ಮನಿರಬಾರದು. ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷಕ್ಕೆ ಒಂದು ಪದವನ್ನೂ ಆಡದ, 2 ವರ್ಷಕ್ಕೆ ಎರಡು ಪದ ಕೂಡಿಸದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಆಗಬೇಕು. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ಮಗುವನ್ನು ತೋರಿಸಬಹುದು. ಹೆಚ್ಚಿನ ತಪಾಸಣೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.